ಅವಳಿಗೇನು ಕಮ್ಮಿ ಆಗಿತ್ತು?

ನಮಸ್ಕಾರ. ಇವತ್ತು ಒಬ್ಬ ಹೆಂಗಸಿನ ಪರವಾಗಿ ಮಾತಾಡಬೇಕು ಅಂತ ಕೂತಿದ್ದೇನೆ. ಹೆಸರು ಕ್ಲಾರಿಸ್ಸಾ. ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಬರೆದು 1925ರಲ್ಲಿ ಬಂದ 'ಮಿಸೆಸ್ ಡ್ಯಾಲೋವೇ' ಕಾದಂಬರಿಯ ನಾಯಕಿ.

ಕಥೆ ಅಂತ ಜಾಸ್ತಿ ಏನಿಲ್ಲ. 1923ರ ಜೂನ್ ತಿಂಗಳ ಒಂದೇ ದಿನ. ಊರು ಲಂಡನ್. ಐವತ್ತು ದಾಟಿದ ಕ್ಲಾರಿಸ್ಸಾ ಬೆಳಿಗ್ಗೆ ಹೂ ತರಲು ತಾನೇ ಹೊರಡುತ್ತಾಳೆ. ರಾತ್ರಿ ಮನೆಯಲ್ಲಿ ಪಾರ್ಟಿ. ಗಂಡ ಪಾರ್ಲಿಮೆಂಟ್ ಸದಸ್ಯ, ಒಳ್ಳೆಯವನು. ಬೆಳೆದ ಮಗಳಿದ್ದಾಳೆ, ಕೈಗೊಬ್ಬ ಕಾಲಿಗೊಬ್ಬ ಆಳು. ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ.

ಮೊದಲು ಓದಿದ್ದು ಕಾಲೇಜು ದಿನಗಳಲ್ಲಿ, ಬೆಂಗಳೂರಿನಿಂದ ತುಮಕೂರಿಗೆ ಬರುವ ರೈಲಿನಲ್ಲಿ. ಕ್ಯಾತ್ಸಂದ್ರ ಬರುವಷ್ಟರಲ್ಲಿ ಪುಸ್ತಕ ಮುಚ್ಚಿ ಬ್ಯಾಗಿಗೆ ತುರುಕಿದ್ದೆ. ಇವಳಿಗೇನು ಕಮ್ಮಿ? ಉಂಡದ್ದು ಅರಗಿಲ್ಲ, ಅಷ್ಟೇ ಅಂದುಕೊಂಡೆ.

ಎಷ್ಟೋ ವರ್ಷದ ಮೇಲೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಚೀಟಿ ಬರೆಯುವವರು ಹೆಸರು ಕೇಳಿದರು. ಅಮ್ಮ ಅಪ್ಪನ ಹೆಸರು ಹೇಳಿದಳು. "ನಿಮ್ಮ ಹೆಸರು ಹೇಳಿ ಅಮ್ಮಾ" ಅಂದಾಗ ಒಂದು ಕ್ಷಣ ತಡವರಿಸಿದಳು. ನಮ್ಮ ಬೀದಿಯಲ್ಲಿ ಅವಳು ಯಾವಾಗಲೂ 'ಮೇಷ್ಟ್ರ ಮನೆಯವರು'.

ಆಗ ನೆನಪಾಯಿತು. ಬಾಂಡ್ ಸ್ಟ್ರೀಟಿನಲ್ಲಿ ನಡೆಯುತ್ತಾ ಕ್ಲಾರಿಸ್ಸಾಗೆ ಹೀಗೇ ಅನ್ನಿಸುತ್ತದೆ. ತಾನು ಕ್ಲಾರಿಸ್ಸಾ ಕೂಡ ಅಲ್ಲ, ರಿಚರ್ಡ್ ಡ್ಯಾಲೋವೇಯ ಹೆಂಡತಿ ಮಾತ್ರ. ಪುಸ್ತಕದ ಹೆಸರಿನಲ್ಲೂ ಅವಳ ಹೆಸರಿಲ್ಲ, ಗಮನಿಸಿದ್ದೀರಾ?

ಮನೆಗೆ ಬಂದು ಮತ್ತೆ ಓದಿದೆ. ಈ ಸಲ ಅಟ್ಟದ ಕೋಣೆಯ ಹತ್ತಿರ ನಿಂತುಬಿಟ್ಟೆ. ಕಾಯಿಲೆ ಬಿದ್ದು ಎದ್ದ ಮೇಲೆ, ನಿದ್ದೆ ಕೆಡಬಾರದು ಅಂತ ಗಂಡನೇ ಒತ್ತಾಯ ಮಾಡಿ ಅವಳನ್ನು ಅಲ್ಲಿ ಒಬ್ಬಳೇ ಮಲಗಲು ಹೇಳಿದ್ದಾನೆ. ಸಣ್ಣ ಮಂಚ. ನಿದ್ದೆ ಬಾರದೆ ಓದುತ್ತಾ ಕೂರುತ್ತಾಳೆ. ಅದೇ ಗಂಡ ಮಧ್ಯಾಹ್ನ ಗುಲಾಬಿ ಹಿಡಿದು ಬರುತ್ತಾನೆ. ನಿನ್ನನ್ನು ಪ್ರೀತಿಸುತ್ತೇನೆ ಅಂತ ಹೇಳಲೇಬೇಕು ಅಂದುಕೊಂಡೇ ಬಂದವನಿಗೆ ಬಾಯಿ ಬರುವುದಿಲ್ಲ. ಹೇಳದಿದ್ದರೂ ಅವಳಿಗೆ ಗೊತ್ತಾಗುತ್ತದೆ. ಇಲ್ಲಿ ಯಾರೂ ಕೆಟ್ಟವರಲ್ಲ. ಹೊಡೆತವಿಲ್ಲ, ಬೈಗುಳವಿಲ್ಲ. ದೂರಲು ಯಾರೂ ಇಲ್ಲದಿದ್ದರೆ ಆ ಹೆಂಗಸು ಯಾರ ಹತ್ತಿರ ಹೇಳಿಕೊಳ್ಳಬೇಕು?

ಅವಳಲ್ಲಿ ನನಗೆ ಹಿಡಿಸದ್ದೂ ಇದೆ. ಬಡ ನೆಂಟಳು ಎಲ್ಲೀಯನ್ನು ಪಾರ್ಟಿಗೆ ಕರೆಯಲು ಮನಸ್ಸಿಲ್ಲ ಅವಳಿಗೆ. ಅದು ಸಣ್ಣತನವೇ.

ಆದರೆ ನಮ್ಮ ಕನ್ನಡದ ನವ್ಯ ಸಾಹಿತ್ಯದ ಕಾದಂಬರಿಗಳಲ್ಲಿ ಮನೆ, ನೌಕರಿ, ಹೆಂಡತಿ ಎಲ್ಲ ಇದ್ದೂ ಒಳಗೇ ಕುದಿಯುವ ಗಂಡಸರು ಎಷ್ಟು ಜನ ಬಂದರು! ಅವರಿಗೇನು ಕಮ್ಮಿ ಅಂತ ನಾವು ಕೇಳಲಿಲ್ಲ. ಅಸ್ತಿತ್ವದ ಪ್ರಶ್ನೆ ಅಂತ ತರಗತಿಯಲ್ಲಿ ನೋಟ್ಸ್ ಬರೆದುಕೊಂಡೆವು. ಹೆಂಗಸು ಕುದಿದರೆ ಮಾತ್ರ ಉಂಡದ್ದು ಅರಗಿಲ್ಲ. ನಾನೂ ಅದನ್ನೇ ಅಂದೆನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಅಮ್ಮನೂ ಶುಕ್ರವಾರ ಹೂ ತರಲು ತಾನೇ ಹೋಗುತ್ತಿದ್ದಳು. ಹೂವಿನವಳು ಬಾಗಿಲಿಗೇ ಬರುತ್ತಿದ್ದಳು, ಆದರೂ. ಎರಡು ಮೊಳ ಮಲ್ಲಿಗೆಗೆ ಒಂದು ಗಂಟೆ. ಬಂದ ಕೂಡಲೇ ನಾವೆಲ್ಲ ರೇಗುತ್ತಿದ್ದೆವು, ಕಾಫಿ ಎಲ್ಲಿ ಅಂತ.

ಹೋದ ಭಾನುವಾರ ಕೇಳಿದೆ. ಅಷ್ಟು ಹೊತ್ತು ಏನಮ್ಮ ಮಾಡ್ತಿದ್ದೆ?

"ಸುಮ್ನೆ ನಡೀತಿದ್ದೆ ಕಣೇ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಮಾನಿಕೆರೆವರೆಗೂ" ಅಂದಳು.