ತಕಿಟ ಹೇಳ್ಕೊಂಡು ‘ರುಂಬಾ ಪಾರಾ ಮಾಂಕ್’ ಕೇಳೋದು

ಹಾಂ, ರೆಕಾರ್ಡಿಂಗ್ ಓಡ್ತಿದೆ. ಆಲ್ಬಂ ‘ರುಂಬಾ ಪಾರಾ ಮಾಂಕ್’, 1989ರದ್ದು. ಜೆರ್ರಿ ಗೊನ್ಸಾಲೆಸ್, ಆ್ಯಂಡಿ ಗೊನ್ಸಾಲೆಸ್, ಅಣ್ಣ ತಮ್ಮ. ಪೋರ್ಟೊ ರೀಕೊ ಮೂಲದ ಮನೆ, ಬೆಳೆದದ್ದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ. ಬ್ಯಾಂಡಿನ ಹೆಸರು ಫೋರ್ಟ್ ಅಪಾಚಿ, ಅಲ್ಲಿನ ಪೊಲೀಸ್ ಠಾಣೆಗಿದ್ದ ಅಡ್ಡಹೆಸರು! ರಾಗವೆಲ್ಲ ಅಮೆರಿಕದ ಜ್ಯಾಝ್ ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಅವರದ್ದು, ಕೆಳಗಿನ ಲಯ ಕ್ಯೂಬಾದ್ದು.

ಫೋನ್ ಸ್ಪೀಕರ್ ಬೇಡ. ತಮ್ಮನ ಬೇಸ್‌ನ ದಪ್ಪ ತಂತಿ 41 ಹರ್ಟ್ಜ್, ಫೋನಲ್ಲಿ ಅದರ ನೆರಳು ಮಾತ್ರ ಬರತ್ತೆ. ಆ ಬೇಸ್ ಹೋದ್ರೆ ಅರ್ಧ ಆಲ್ಬಂ ಹೋದಂಗೆ. ಇಯರ್‌ಫೋನ್ ಹಾಕ್ಕೊಳ್ಳಿ.

ಈಗ ಕೈ ನೋಡಿ. ಎರಡು ಬಾರ್ ಅಂದ್ರೆ 16 ಎಣಿಕೆ. ಕ್ಲಾವೆ ಅಂದ್ರೆ ಕ್ಯೂಬಾ ಸಂಗೀತದಲ್ಲಿ ಮರಳಿ ಮರಳಿ ಬರೋ ಐದು ಪೆಟ್ಟಿನ ಲಯ; ಸೋನ್, ರುಂಬಾ ಅಲ್ಲಿನ ಎರಡು ಶೈಲಿ. ಸೋನ್ ಕ್ಲಾವೆ: ತಕಿಟ, ತಕಿಟ, ತಕಧಿಮಿ, ತಕ, ತಕಧಿಮಿ. ಪ್ರತಿ ‘ತ’ಗೆ ಮಾತ್ರ ಚಪ್ಪಾಳೆ. ರುಂಬಾ ಕ್ಲಾವೆ ಬೇಕಂದ್ರೆ ಎರಡನೇದೂ ಮೂರನೇದೂ ಅದಲುಬದಲು: ತಕಿಟ, ತಕಧಿಮಿ, ತಕಿಟ, ತಕ, ತಕಧಿಮಿ. ಇಷ್ಟೇ ವ್ಯತ್ಯಾಸ. ಮೂರನೇ ಚಪ್ಪಾಳೆ 7ರಿಂದ 8ಕ್ಕೆ ಜರುಗಿತು.

ಜರುಗಿತು ಅಂತ ಹೇಳೋದು ಸುಲಭ. ನೋಡಿ, ಮತ್ತೆ 7ಕ್ಕೇ ಬಿತ್ತು. ಇದು ಕೈಯ ದೋಷ ಅಲ್ಲ. ಬೇಸ್‌ನ ತುಂಬಾವೊ, ಅಂದ್ರೆ ಅದು ಮತ್ತೆ ಮತ್ತೆ ನುಡಿಸೋ ವರಸೆ, ಬೀಳೋದು 4, 7, ಆಮೇಲೆ 12, 15ಕ್ಕೆ. 4ರಲ್ಲಿ ನಿಮ್ಮ ಚಪ್ಪಾಳೆ ಜೊತೆಗೇ ಬರತ್ತೆ, ಹಾಗಾಗಿ ಅದನ್ನ ನಂಬ್ತೀರಿ. 7ರಲ್ಲಿ ಅದು ಮೊದಲೇ ಬಿದ್ದು ಕೈಯನ್ನ ಎಳ್ಕೊಂಡು ಹೋಗತ್ತೆ. ಇನ್ನು 1ನೇ ಎಣಿಕೆಯಲ್ಲಿ ಬೇಸ್ ಇಲ್ಲವೇ ಇಲ್ಲ. ಸಮಕ್ಕೆ ಬಂದು ಕೂರೋ ನಮ್ಮ ಅಭ್ಯಾಸಕ್ಕೆ ಅದೊಂದು ಬೇರೆ ಕಿರಿಕಿರಿ. ಉಪಾಯ ಏನಂದ್ರೆ, ಬೇಸ್‌ನ ಆ 7 ಬಿದ್ದ ಮೇಲೆ ಚಪ್ಪಾಳೆ. ಮೊದಲು ಹಾಡು ಹಾಕದೆ, ಕಾಲಲ್ಲಿ 4 ಮತ್ತು 7 ತಟ್ಟಿ, ಕೈಲಿ 8. ನಿಧಾನಕ್ಕೆ. ಅದು ಕೂತ ಮೇಲೆ ಆಲ್ಬಂನ ‘ಬೈ-ಯಾ’ ಹಾಕಿ. ರಾಗದ ಜೊತೆ ಕಚ್ಚಾಡ್ತಿದೆ ಅನ್ಸಿದ್ರೆ 9ನೇ ಎಣಿಕೆಯಿಂದ ಶುರು ಮಾಡಿ, ಕ್ಲಾವೆಯ ಎರಡು ಅರ್ಧ ತಿರುವುಮುರುವು ಆಗಿರತ್ತೆ. ಹಾಡು ಸ್ವಿಂಗ್‌ಗೆ, ಅಂದ್ರೆ ಜ್ಯಾಝ್‌ನ ತೂಗಾಡೋ ಲಯಕ್ಕೆ, ಜಾರಿದ ಕಡೆ ಚಪ್ಪಾಳೆ ನಿಲ್ಲಿಸಿಬಿಡಿ, ಜಗ್ಗಾಡಬೇಡಿ.

ಇದೇ ಆಲ್ಬಂನ ‘ಮಿಸ್ಟೀರಿಯೋಸೊ’ ಮೊದಲಿಗೆ ಬೇಡ. ರಾಗ ಒಂದೇ ಸಮ ಮೆಟ್ಟಿಲು ಹತ್ತಿದ ಹಾಗೆ, ಕ್ಲಾವೆ ನೇತುಹಾಕೋಕೆ ಒಂದು ಸಂದಿನೂ ಸಿಗಲ್ಲ. ಅಥವಾ... ಅದಕ್ಕೇ ಅಭ್ಯಾಸಕ್ಕೆ ಅದೇ ಒಳ್ಳೇದೇನೋ, ರಾಗ ಆಸರೆ ಕೊಡಲ್ಲ. ಸರಿ, ಎರಡನೇದಾಗಿ ಅದನ್ನೇ ಹಾಕಿ.

ಅಣ್ಣ ಟ್ರಂಪೆಟ್ಟೂ ಊದ್ತಿದ್ರು, ಕಾಂಗಾ ಅನ್ನೋ ಉದ್ದನೆಯ ಕ್ಯೂಬನ್ ಡ್ರಮ್ಮನ್ನೂ ಬಾರಿಸ್ತಿದ್ರು. ಕಾಂಗಾಕ್ಕೆ ಎರಡೂ ಕೈ ಬೇಕಲ್ಲ, ವೇದಿಕೆ ಮೇಲೆ ಒಂದನ್ನಿಟ್ಟು ಇನ್ನೊಂದನ್ನ ಎತ್ಕೊಳ್ತಿದ್ರು. ಡ್ರಮ್ಸ್‌ನ ಸ್ಟೀವ್ ಬೆರಿಯೋಸ್ ಬಗ್ಗೆ ಹೇಳೋಕಿತ್ತು, ಪಿಯಾನೊದ ಲ್ಯಾರಿ ವಿಲ್ಲಿಸ್... ಅಯ್ಯೋ, ಬ್ಯಾಟರಿ ಕೆಂಪಾಯ್ತು. ತಕಿಟ, ತಕಧಿಮಿ, ತಕಿಟ... ಹಾಂ, ಈಗ 8ಕ್ಕೆ ಬಿತ್ತು.