ಹಾಲಿನ ಲೆಕ್ಕದ ಕೆಳಗೆ ಬಿಪಿ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಕಳೆದ ಚಳಿಗಾಲದಲ್ಲಿ ನಮ್ಮ ಕ್ಲಿನಿಕ್ಕಿಗೆ ಒಬ್ಬರು ಅಜ್ಜಿ ಗೋಡೆಯ ಕ್ಯಾಲೆಂಡರನ್ನೇ ಸುರುಳಿ ಸುತ್ತಿಕೊಂಡು ಬಂದರು. ಒಂದೊಂದು ತಾರೀಖಿನ ಮನೆಯಲ್ಲೂ ಹಾಲಿನ ಲೆಕ್ಕ, ಅದರ ಕೆಳಗೆ ಮೊಮ್ಮಗ ಬರೆದ ಬಿಪಿ: 168, 172, 165. "ಒಂದು ದಿನಾನೂ ಮಾತ್ರೆ ತಪ್ಪಿಸಿಲ್ಲ ಡಾಕ್ಟ್ರೇ, ಇಳೀತಾನೇ ಇಲ್ಲ" ಅಂದರು. ನಾನು ನೋಡಿದರೆ 138! ಸಾಮಾನ್ಯವಾಗಿ ಇದು ಉಲ್ಟಾ. ಮನೆಯಲ್ಲಿ ಸರಿಯಾಗಿದ್ದದ್ದು ನಮ್ಮ ಬಿಳಿ ಕೋಟು ಕಂಡೊಡನೆ ಏರುತ್ತದೆ.

"ಮನೇಲಿ ಹೇಗೆ ನೋಡ್ಕೋತೀರಿ, ತೋರಿಸಿ" ಅಂದೆ. ಮೊಮ್ಮಗ ಸ್ವೆಟರಿನ ಮೇಲೆಯೇ ಪಟ್ಟಿ ಸುತ್ತಿದ. ಕೈ ಮಂಚದ ಪಕ್ಕ ಜೋತುಬಿದ್ದಿತ್ತು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಪಟ್ಟಿ ಉಬ್ಬುವಷ್ಟು ಹೊತ್ತೂ ಅಜ್ಜಿ ಕೊಳವೆಬಾವಿ ಬತ್ತಿದ ಕತೆ ಹೇಳುತ್ತಲೇ ಇದ್ದರು. ಅಂಕಿ ಏರದೆ ಇನ್ನೇನು?

ನಾವು ಸ್ಟೆತಸ್ಕೋಪಿನಲ್ಲಿ ರಕ್ತನಾಳದ ಸದ್ದು ಕೇಳುತ್ತೇವೆ. 1905ರಲ್ಲಿ ರಷ್ಯಾದ ಕೊರೊಟ್ಕೋವ್ ತೋರಿಸಿಕೊಟ್ಟ ದಾರಿ ಅದು. ಮನೆಯ ಮಷಿನ್ ಸದ್ದು ಕೇಳುವುದಿಲ್ಲ, ನಾಳದ ಮಿಡಿತದಿಂದ ಪಟ್ಟಿಯಲ್ಲಾಗುವ ಸಣ್ಣ ಕಂಪನವನ್ನು ಹಿಡಿಯುತ್ತದೆ. ಕೈ ಅಲುಗಿದರೂ ಅದಕ್ಕೆ ಗೊಂದಲ. ಮಾತಾಡಿದರೆ ಬಿಪಿಯೇ ಏರುತ್ತದೆ. ತೋಳು ದಪ್ಪಗಿದ್ದು ಪಟ್ಟಿ ಚಿಕ್ಕದಾದರೂ ಹೆಚ್ಚು ತೋರಿಸುತ್ತದೆ. ಮಣಿಕಟ್ಟಿಗೆ ಕಟ್ಟುವ ಮಷಿನ್ ಬೇಡ, ತೋಳಿನದನ್ನೇ ಕೊಳ್ಳಿ.

ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬನ್ನಿ. ಕಾಫಿಗೂ ಮಾತ್ರೆಗೂ ಮುಂಚೆ, ಕುರ್ಚಿಗೆ ಬೆನ್ನು ಕೊಟ್ಟು, ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಬರಿ ತೋಳಿಗೆ ಪಟ್ಟಿ ಕಟ್ಟಿ, ಕೈಯನ್ನು ಎದೆಮಟ್ಟಕ್ಕೆ ಮೇಜಿನ ಮೇಲಿಡಿ. ನಡುವೆ ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಸಂಜೆಯೂ ಹೀಗೆಯೇ. ಏಳು ದಿನ ಬರೆದು, ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆದರೆ ನಮಗೆ ಬೇಕಾದ ಅಂಕಿ ಸಿಗುತ್ತದೆ. ಕ್ಲಿನಿಕ್ಕಿನಲ್ಲಿ 140/90 ಗಡಿಯಾದರೆ ಮನೆಯಲ್ಲಿ 135/85. ಚೆನ್ನಾಗಿ ಬರುವ ತನಕ ಗುಂಡಿ ಒತ್ತುತ್ತಾ ಕೂತು, ಕೊನೆಯದನ್ನು ಮಾತ್ರ ಬರೆಯುವ ಬುದ್ಧಿವಂತರನ್ನೂ ಕಂಡಿದ್ದೇನೆ. ಅವರು ಮೋಸ ಮಾಡುತ್ತಿರುವುದು ಯಾರಿಗೋ!

ಒಂದು ದಿನದ ಅಂಕಿ ನೋಡಿ ಮಾತ್ರೆ ನಿಲ್ಲಿಸುವುದು, ಇನ್ನೊಂದು ನುಂಗುವುದು, ಎರಡೂ ಬೇಡ. ಮೇಲಿನದು 180 ಅಥವಾ ಕೆಳಗಿನದು 120 ದಾಟಿದರೆ ಐದು ನಿಮಿಷ ಬಿಟ್ಟು ಮತ್ತೆ ನೋಡಿ; ಇಳಿಯದಿದ್ದರೆ ಅಂದೇ ವೈದ್ಯರಿಗೆ ತಿಳಿಸಿ. ಅದರ ಜೊತೆ ಎದೆನೋವು, ಏದುಸಿರು, ಮಾತು ತೊದಲುವುದು, ಒಂದು ಕಡೆಯ ಕೈಕಾಲಿಗೆ ಬಲ ಇಲ್ಲದಿರುವುದು ಕಂಡರೆ ಮತ್ತೆ ನೋಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಅಜ್ಜಿ ಎಂಟನೇ ದಿನ ಮತ್ತೆ ಬಂದರು, ಅದೇ ಕ್ಯಾಲೆಂಡರ್ ಹಿಡಿದು. ಮೇಲಿನದರ ಸರಾಸರಿ 131. ಮಾತ್ರೆ ಬದಲಿಸುವ ಗೊಡವೆಗೆ ನಾನು ಹೋಗಲಿಲ್ಲ. ಆ ವಾರ ಹಾಲಿನವನು ಎರಡು ದಿನ ತಪ್ಪಿಸಿದ್ದ. ಬಿಪಿ ಮಾತ್ರ ಎರಡು ಹೊತ್ತೂ ಬರೆದಿತ್ತು.