ತುಂಗಭದ್ರೆಯಲ್ಲಿ ಹೂಳು ತುಂಬಿದ ಹಾಗೆ ನಂಬಿಕೆ ಸವೆಯುತ್ತದೆಯೇ?

ನಮಸ್ಕಾರ. ‘ಡ್ಯಾಂ ತುಂಬಿದೆ ಎನ್ನುತ್ತಾರೆ, ನಮ್ಮ ಹೊಲಕ್ಕೇಕೆ ನೀರು ಬರುವುದಿಲ್ಲ?’ ಕಾಲುವೆಯ ಕೊನೆ ಭಾಗದಲ್ಲಿರುವ ಮಾನ್ವಿ, ಸಿರವಾರದ ರೈತರ ಈ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿ ಹುಟ್ಟಿ, ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಹರಿದು ರಾಯಚೂರು ಜಿಲ್ಲೆಯಲ್ಲಿ ಮುಗಿಯುತ್ತದೆ.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ (ನೀರು ಹೊರಬಿಡುವ ಬಾಗಿಲು) ಕೊಚ್ಚಿಹೋದಾಗ ನಾಡೇ ಬೆಚ್ಚಿತು. ಆದರೆ ಅದಕ್ಕಿಂತ ದೊಡ್ಡ ನಷ್ಟ ಸದ್ದಿಲ್ಲದೆ ಆಗಿಹೋಗಿದೆ. ಆರಂಭದಲ್ಲಿ ಸುಮಾರು 133 ಟಿಎಂಸಿ (ಶತಕೋಟಿ ಘನ) ಅಡಿಯಿದ್ದ ಸಾಮರ್ಥ್ಯವನ್ನು ಈಗ 105.788 ಎಂದು ಲೆಕ್ಕ ಹಾಕುತ್ತಾರೆ. ಕೃಷ್ಣರಾಜಸಾಗರ ಹಿಡಿಯುವುದೇ 49.45, ಅಂದರೆ ಅರ್ಧ ಕನ್ನಂಬಾಡಿಗಿಂತ ಹೆಚ್ಚು ನೀರಿನ ಜಾಗವನ್ನು ಹೂಳು ನುಂಗಿದೆ. ಯಾವ ದಿನ ಕಳೆದುಕೊಂಡೆವು ಎಂದು ಕೇಳಿದರೆ ತೋರಿಸಲು ತಾರೀಖಿಲ್ಲ. ಪ್ರತಿ ಮುಂಗಾರಿನ ಕೆನ್ನೀರು ನಿಂತಲ್ಲಿ ತಿಳಿಯಾಗಿ, ಮಣ್ಣನ್ನು ತಳಕ್ಕಿಳಿಸಿತು. ದಡದಲ್ಲಿ ನಿಂತವರಿಗೆ ಜಲಾಶಯ ಎಂದಿನಂತೆಯೇ ತುಂಬಿ ಕಂಡಿತು.

ಕಾಲುವೆಯ ಮೇಲಿನ ನಂಬಿಕೆಯೂ ಹೀಗೆಯೇ ಸವೆಯಿತು ಎಂಬುದು ನನ್ನ ಅಭಿಪ್ರಾಯ. ಈ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂತಹ ಮಿತ ನೀರಿನ ಬೆಳೆಗಳಿಗೆ. ಆದರೆ ಕಾಲುವೆಯ ಮೇಲ್ಭಾಗದ ಗಂಗಾವತಿ, ಸಿಂಧನೂರುಗಳಲ್ಲಿ ಹಬ್ಬಿದ್ದು ಹೆಚ್ಚು ನೀರು ಬೇಡುವ ಭತ್ತ. ಮೇಲ್ಭಾಗದ ರೈತರನ್ನು ದೂರಿ ಕೈತೊಳೆದುಕೊಳ್ಳುವುದು ಅನ್ಯಾಯ, ಏಕೆಂದರೆ ಬಸಿನೀರಿನಿಂದ ಜೌಗಾದ ಹೊಲದಲ್ಲಿ ಜೋಳ ನಿಲ್ಲುವುದಿಲ್ಲ. ಆದರೆ ಕೊನೆ ಭಾಗದವರು ಒಂದು ವರ್ಷ ತಡವಾದ ನೀರನ್ನು ಸಹಿಸುತ್ತಾರೆ, ಮರುವರ್ಷ ಕೊಳವೆಬಾವಿ ಕೊರೆಸುತ್ತಾರೆ, ಆಮೇಲೆ ಉಪಕಾಲುವೆಯ ಜಾಲಿ ಕಡಿಯಲು ಯಾರೂ ಹೋಗುವುದಿಲ್ಲ.

ನಂಬಿಕೆಯ ಜೊತೆಗೆ ಸವೆದ ಇನ್ನೆರಡನ್ನು, ಅಧಿಕಾರವನ್ನು ಮತ್ತು ಮಾತಿನ ತೂಕವನ್ನು, ಒಟ್ಟಿಗೇ ಹೇಳುತ್ತೇನೆ. ನೀರಾವರಿ ಸಲಹಾ ಸಮಿತಿ ನೀರು ಬಿಡುವ ದಿನಾಂಕ ಪ್ರಕಟಿಸುತ್ತದೆ, ಆದರೆ ಕಾಲುವೆ ದಂಡೆಯ ಮೇಲೆ ನೀರೆತ್ತುವ ಪಂಪ್‌ಸೆಟ್ ಅದನ್ನು ಕೇಳುವುದಿಲ್ಲ. ಅಧಿಕಾರ ಹಾಳೆಯ ಮೇಲೆ ಉಳಿಯುತ್ತದೆ. ತೂಬಿನ ಬಳಿ ಸರದಿ ಹೇಳುತ್ತಿದ್ದ ನೀರುಗಂಟಿಯ ಮಾತಿಗಿದ್ದ ತೂಕವೂ ಸರದಿಯೊಂದಿಗೇ ಹೋಯಿತು. ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟಿದರೆ ಹೂಳು ನುಂಗಿದ ನೀರು ಮರಳಿ ಸಿಕ್ಕೀತು. ಅಲ್ಲಿಯವರೆಗೆ ಕಾಲುವೆಯ 69ನೇ ಮೈಲಿನ ಮತ್ತು 104ನೇ ಮೈಲಿನ ಗೇಜ್ (ನೀರಿನ ಮಟ್ಟ) ಎಷ್ಟಿದೆ ಎಂಬುದನ್ನು ಪ್ರತಿದಿನ ಕೊನೆ ಭಾಗದ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಲಿ. ಅದಕ್ಕೆ ಬೇಕಾದದ್ದು ಒಂದು ಹಲಗೆ, ಒಂದು ಸೀಮೆಸುಣ್ಣದ ತುಂಡು.